ಗುಮಾಸ್ತರು ಆರಿಸಿದ ರಿಸೀವರ್

ಗುಮಾಸ್ತರಿಗೆ ಸಿಟ್ಟೇ ಬರುವುದಿಲ್ಲ ಎಂದು ಇಡೀ ಕಟ್ಟಡ ನಂಬಿತ್ತು. ಅವರ ಸಿಟ್ಟಿಗೆ ಅರ್ಧ ಕಾರಣ ಈ ನಂಬಿಕೆಯೇ.

ನೀರು ಸರಬರಾಜು ಕಚೇರಿಯಲ್ಲಿ ದೂರು ಸ್ವೀಕರಿಸುವ ಕಿಟಕಿಯ ಹಿಂದೆ ಅವರ ಕುರ್ಚಿ. ನಲ್ಲಿ ಒಣಗಿದವರು, ಬಿಲ್ಲು ಉಬ್ಬಿದವರು, ಬೀದಿಯ ಪೈಪು ಒಡೆದು ನಡುಮನೆಯಲ್ಲಿ ಕೆರೆ ಕಂಡವರು ಎಲ್ಲರೂ ಬಂದು ಆ ಅಂಗೈಯಗಲದ ತೂತಿಗೆ ಬಾಯಿಟ್ಟು ಬೈದು ಹೋಗುತ್ತಿದ್ದರು. ಪೈಪು ಹಾಕಿದವರು ಬೇರೆ, ಒಡೆದವರು ಬೇರೆ, ಬಿಲ್ಲು ಬರೆದವರು ಬೇರೆ. ಬೈಸಿಕೊಳ್ಳುವ ಹುದ್ದೆ ಮಾತ್ರ ಇವರದು. ಎಲ್ಲರಿಗೂ ಇವರದು ಒಂದೇ ಉತ್ತರ: "ಪರಿಶೀಲಿಸ್ತೀವಿ." ಹಾಗೆ ಹೇಳುವಾಗ ಮುಖದ ಮೇಲೆ ನಗು ಇರತಕ್ಕದ್ದೆಂದು ಮೇಲಿನವರ ಆದೇಶವಿತ್ತು. ಆ ನಗುವಿನ ಹಿಂದೆ ಹಲ್ಲು ಕಡಿದು ಕಡಿದು ಗುಮಾಸ್ತರ ದವಡೆ ಹಲ್ಲುಗಳು ಸವೆದುಹೋಗಿದ್ದವು.

ಮನೆಗೆ ಬಂದು ಸಿಟ್ಟನ್ನು ಬಿಚ್ಚಿ ಗೂಟಕ್ಕೆ ತೂಗುಹಾಕೋಣವೆಂದರೆ ಆ ಗೂಟವೂ ಅವರು ಆರಿಸಿದ್ದಲ್ಲ. ಅದನ್ನು ಆರಿಸಿದವರು ಭಾವ, ಎಂದರೆ ಹೆಂಡತಿಯ ಅಣ್ಣ, ವಿಮೆ ಏಜೆಂಟರು. ಹಜಾರದ ಸೋಫಾ ಅವರ ಆಯ್ಕೆ. ಕಾಲಿದ್ದರೆ ಅಡಿಯಲ್ಲಿ ಗುಡಿಸಬೇಕಾಗುತ್ತದೆಂದು ಕಾಲೇ ಇಲ್ಲದ, ನೆಲಕ್ಕೆ ಅಂಟಿ ಕೂರುವ, ಒಳಗೆಲ್ಲ ಟೊಳ್ಳಾದ ಹಲಗೆಯ ಸೋಫಾ. ಪರದೆ ಅವರ ಆಯ್ಕೆ. ಗುಮಾಸ್ತರ ಮೂಗಿನ ಮೇಲಿನ ಕನ್ನಡಕದ ಚೌಕಟ್ಟೂ ಅವರದೇ. ಕನ್ನಡಕದಂಗಡಿಯಲ್ಲಿ ಗುಮಾಸ್ತರು ಎರಡು ಚೌಕಟ್ಟು ಹಿಡಿದು ಅದೋ ಇದೋ ಎಂದು ಯೋಚಿಸುತ್ತಿದ್ದಾಗ ಭಾವ ಮೂರನೆಯದನ್ನು ತಂದು ಮೂಗಿಗೆ ಸಿಕ್ಕಿಸಿಬಿಟ್ಟಿದ್ದರು. ಮಾವ ತೀರಿಕೊಂಡ ಮೇಲೆ ಮಾವನ ಪದವಿಯನ್ನೂ ತಾವೇ ಹೆಚ್ಚುವರಿಯಾಗಿ ವಹಿಸಿಕೊಂಡಿದ್ದರಿಂದ ಅವರು ಗುಮಾಸ್ತರನ್ನು "ಅಳಿಯಂದ್ರೇ" ಎಂದೇ ಕರೆಯುತ್ತಿದ್ದರು.

ಹೀಗಿರುವಾಗ, ನಿವೃತ್ತರಾದ ಸಹೋದ್ಯೋಗಿಯೊಬ್ಬರು ಮನೆ ಖಾಲಿ ಮಾಡುತ್ತ ಗುಮಾಸ್ತರಿಗೆ ಎರಡು ಹಳೆಯ ಮರದ ಸ್ಪೀಕರುಗಳನ್ನು ಕೊಟ್ಟುಹೋದರು. ಹೆಂಡತಿ ಅವುಗಳ ತಲೆಯ ಮೇಲೆ ಒಂದೊಂದು ಹೂಕುಂಡ ಇಟ್ಟಳು. ಗುಮಾಸ್ತರು ಮಾತ್ರ ಅವುಗಳನ್ನು ನೋಡುತ್ತ ಒಂದು ತೀರ್ಮಾನಕ್ಕೆ ಬಂದರು. ಹಾಡನ್ನು ಒಳಗೆ ತೆಗೆದುಕೊಂಡು ಬಲ ತುಂಬಿ ಸ್ಪೀಕರಿಗೆ ಕಳಿಸುವ ಪೆಟ್ಟಿಗೆಯೊಂದಿದೆ, ಅದಕ್ಕೆ ರಿಸೀವರ್ ಎನ್ನುತ್ತಾರೆ. ಅದೊಂದು ಬಂದರೆ, ದಿನವಿಡೀ ಬೈಗುಳ ಕುಡಿದ ಕಿವಿಗೆ ಸಂಜೆ ಒಂದು ಗಳಿಗೆ ಕೊಳಲು ಕೇಳಿಸಬಹುದು. ಮುಖ್ಯವಾಗಿ, ಅದನ್ನು ಆರಿಸುವವರು ತಾವು. ಈ ಮನೆಯೊಳಗೆ ತಾವು ಆರಿಸಿದ ಒಂದೇ ಒಂದು ವಸ್ತು ಇರಬೇಕು. ಇಷ್ಟೇ ಅವರ ಹಟ.

ಆರಿಸುವ ಹಕ್ಕಿಗಾಗಿ ಹೋರಾಡುವುದು ಒಂದು ಕೆಲಸ, ಆರಿಸುವುದು ಇನ್ನೊಂದು. ಎರಡನೆಯದು ಗುಮಾಸ್ತರಿಗೆ ಬರುತ್ತಿರಲಿಲ್ಲ. ಆಡಿಯೋ ಅಂಗಡಿಗೆ ಅವರು ಎಡತಾಕತೊಡಗಿ ತಿಂಗಳುಗಳೇ ಉರುಳಿದವು. ಅವರ ಜೇಬಿಗೆ ಎಟುಕುವಂಥವು ಎರಡೇ ಇದ್ದವು. ಒಂದು ದೊಡ್ಡದು, ಹಿಂದಿನ ವರ್ಷದ ಮಾಡೆಲು, ಆದ್ದರಿಂದ ಇಳಿದ ಬೆಲೆ. ಐದು ಸ್ಪೀಕರು ನಡೆಸುತ್ತದೆ, ಬೆನ್ನ ತುಂಬ ಜರಡಿಯಂತೆ ತೂತು, ಮುಂದೆ ಮಿಣಮಿಣ ದೀಪ. ಇನ್ನೊಂದು ಚಿಕ್ಕದು. ಎರಡೇ ಸ್ಪೀಕರಿಗೆ, ಎರಡೇ ತಿರುಗುಗುಂಡಿ, ಮುಖದಲ್ಲಿ ಯಾವ ಭಾವನೆಯೂ ಇಲ್ಲ. ದೊಡ್ಡದನ್ನು ಕೊಂಡರೆ ಮೂರು ಸ್ಪೀಕರಿನ ಜಾಗ ಬಾಯ್ಬಿಟ್ಟುಕೊಂಡು ಕೂರುತ್ತದೆ, ಚಿಕ್ಕದನ್ನು ಕೊಂಡರೆ ನಾಳೆ ಭಾವ ಬಂದು "ಇಷ್ಟೇನಾ" ಅನ್ನುತ್ತಾರೆ. ಮಾರಾಟದವನು ಮೊದಲ ವಾರ ಕುರ್ಚಿ ಹಾಕಿದ, ಎರಡನೆಯ ವಾರ ಟೀ ತರಿಸಿದ, ಆಮೇಲೆ ಗುಮಾಸ್ತರನ್ನು ಕಂಡ ಕೂಡಲೇ ಗೋದಾಮಿನೊಳಗೆ ಮಾಯವಾಗತೊಡಗಿದ. ಒಮ್ಮೆ ತಪ್ಪಿಸಿಕೊಳ್ಳಲಾಗದೆ ಸಿಕ್ಕಿಬಿದ್ದಾಗ ಕೈಮುಗಿದು ಹೇಳಿದ, "ಸಾರ್, ನೀವು ಮೊದಲ್ನೇ ಸಲ ಬಂದಾಗ ದೊಡ್ಡದು ಹೊಸ ಮಾಡೆಲ್ ಆಗಿತ್ತು. ನಿಮ್ಮ ಕಣ್ಣೆದುರಿಗೇ ಹಳೇದಾಯ್ತು."

ಅಂದು ಗುಮಾಸ್ತರು ಕೊನೆಯ ಅನುಮಾನವೊಂದನ್ನು ಮುಂದಿಟ್ಟರು. ದೊಡ್ಡದು ತಮ್ಮ ಹಜಾರದ ಗೂಡಿನಲ್ಲಿ ಹಿಡಿಸುತ್ತದೋ ಇಲ್ಲವೋ. ಅಳತೆ ಬರೆದುಕೊಳ್ಳಿ ಎಂದರೆ ಕಾಗದದ ಅಳತೆಯನ್ನು ಅವರು ನಂಬುವವರಲ್ಲ. ಕಾಗದದಲ್ಲಿ ಎಲ್ಲರ ನಲ್ಲಿಯಲ್ಲೂ ನೀರು ಬರುತ್ತದೆಂದು ಅವರಿಗಿಂತ ಚೆನ್ನಾಗಿ ಬಲ್ಲವರಾರು. ಕಡೆಗೆ ಮಾರಾಟದವನು ಪ್ರದರ್ಶನಕ್ಕಿಟ್ಟಿದ್ದ ಸೆಟ್ಟಿನ ಖಾಲಿ ಪೆಟ್ಟಿಗೆಯನ್ನೇ ಥರ್ಮೋಕೋಲಿನ ಸಮೇತ ಅವರ ಕೈಗಿತ್ತು, ಹರಿಯದ ಹಾಗೆ ವಾಪಸ್ಸು ತಂದರೆ ಸಾಕು, ಅವಸರವೇನೂ ಇಲ್ಲ ಎಂದ. ಅವನ ದನಿಯಲ್ಲಿ ಬಿಡುಗಡೆಯ ಸಂತೋಷವಿತ್ತು. ಪೆಟ್ಟಿಗೆಯ ಅಳತೆ ಬೇರೆ, ಒಳಗಿನ ಸೆಟ್ಟಿನ ಅಳತೆ ಬೇರೆ ಎಂಬುದು ಇಬ್ಬರಿಗೂ ಹೊಳೆಯಲಿಲ್ಲ. ಒಬ್ಬನಿಗೆ ಹೋಗಲಿ ಎಂಬ ಆತುರ, ಇನ್ನೊಬ್ಬರಿಗೆ ತಪ್ಪಬಾರದೆಂಬ ಆತಂಕ.

ಅಂಗಡಿಯ ಮೆಟ್ಟಿಲಿಳಿಯುವಾಗ ಫೋನು ಬಡಿದುಕೊಂಡಿತು. ಭಾವ. ಹಲ್ಲು ಕಟ್ಟಿಸಿಕೊಳ್ಳಲು ನಾಳೆ ಬರುತ್ತಿದ್ದಾರೆ, ವಾರವೊಪ್ಪತ್ತು ಇರುತ್ತಾರೆ. ಜೊತೆಗೆ, ತಂಗಿಯಿಂದ ವಿಷಯ ತಿಳಿಯಿತಂತೆ.

"ರಿಸೀವರ್ ತಗೋತೀರಂತೆ. ನಿಮಗೇನು ಗೊತ್ತಾಗುತ್ತೆ ಅಳಿಯಂದ್ರೇ. ಮುಟ್ಟಬೇಡಿ. ನಾನು ಬಂದು ಆರಿಸ್ತೀನಿ."

ಗುಮಾಸ್ತರ ತಲೆಯೊಳಗೆ ಏನೋ ಪಟ್ಟೆಂದಿತು. "ತಂದಾಯ್ತು," ಎಂದರು. ಜನ್ಮದಲ್ಲಿ ಮೊದಲ ಸಲ ಭಾವನ ಬಾಯಿ ಮುಚ್ಚಿಸಿದ ಸುಖಕ್ಕೆ ಇನ್ನೊಂದು ಮಾತು ತಾನಾಗಿಯೇ ಜಾರಿತು. "ದೊಡ್ಡದು. ಕೈಯಲ್ಲೇ ಇದೆ."

ಎರಡನೆಯ ಮಾತಂತೂ ಬಹುಮಟ್ಟಿಗೆ ನಿಜವಾಗಿತ್ತು.

ಆದರೆ ಸುಳ್ಳು ಹೇಳುವುದಕ್ಕಿಂತ ಹೊರುವುದು ಕಷ್ಟ. ಖಾಲಿ ಪೆಟ್ಟಿಗೆ ಕಿರುಬೆರಳಲ್ಲಿ ಎತ್ತುವಷ್ಟು ಹಗುರ. ಕಟ್ಟಡದ ಬಾಗಿಲಲ್ಲಿ ನಿವಾಸಿಗಳ ಸಂಘದ ಕಾರ್ಯದರ್ಶಿಗಳು ನಿಂತಿದ್ದರು. ನಿವೃತ್ತ ವ್ಯಾಯಾಮದ ಮೇಷ್ಟ್ರು. ಕೊರಳಲ್ಲಿ ಈಗಲೂ ಸೀಟಿ. ಅವರನ್ನು ಕಂಡೊಡನೆ ಗುಮಾಸ್ತರು ಸೊಂಟ ಬಗ್ಗಿಸಿ, ಉಸಿರು ಬಿಗಿಹಿಡಿದು, ಮೆಟ್ಟಿಲಿಗೊಂದು ಸಲ "ಉಸ್ಸಪ್ಪಾ" ಅನ್ನುತ್ತ ಹತ್ತತೊಡಗಿದರು. ಮೇಷ್ಟ್ರು ಕೈಕೊಡಲು ಬಂದಾಗ ಹಾವು ತುಳಿದವರಂತೆ ಹಾರಿ, ಬೇಡ ಎಂದು ಸಿಡುಕಿದರು. ಪಾಪದ ಗುಮಾಸ್ತರು ಸಿಡುಕಿದ್ದನ್ನು ಮೇಷ್ಟ್ರು ಅಂದೇ ನೋಡಿದ್ದು. ಅಂಥದ್ದೇನು ಪೆಟ್ಟಿಗೆಯೊಳಗೆ ಎಂಬ ಪ್ರಶ್ನೆ ಗುಮಾಸ್ತರಿಗಿಂತ ಮುಂಚೆ ಮೇಲಿನ ಮಹಡಿ ತಲುಪಿತು.

ಪೆಟ್ಟಿಗೆ ಗೂಡಿನಲ್ಲಿ ಹಿಡಿಸಲಿಲ್ಲ. ಸೋಫಾದ ಪಕ್ಕ ನೆಲದ ಮೇಲೆ ಕೂತಿತು.

ಮರುದಿನ ಭಾವ ಬಂದವರು ಚಪ್ಪಲಿ ಬಿಡುವ ಮೊದಲೇ, ಬಿಚ್ಚಿ ನೋಡೋಣ ಎಂದರು. ಗುಮಾಸ್ತರು ಪೆಟ್ಟಿಗೆಗೂ ಭಾವನಿಗೂ ನಡುವೆ ನಿಂತು, ಇದನ್ನು ತಂದ ಕೂಡಲೇ ಬಿಚ್ಚುವಂತಿಲ್ಲ, ವಾರವಾದರೂ ಪೆಟ್ಟಿಗೆಯೊಳಗೇ ಇದ್ದು ಮನೆಯ ಹವೆಗೆ ಹೊಂದಿಕೊಳ್ಳಬೇಕು, ಇಲ್ಲದಿದ್ದರೆ ಒಳಗಿನ ತಂತಿಗಳು ಗಾಬರಿಯಾಗುತ್ತವೆ ಎಂದುಬಿಟ್ಟರು. ಇದನ್ನು ಯಾರು ನಂಬುತ್ತಾರೆಂದು ಅವರಿಗೇ ಅನುಮಾನವಿತ್ತು. ಆದರೆ ಗೊತ್ತಿಲ್ಲ ಎಂಬ ಮಾತು ಭಾವನ ಬಾಯಲ್ಲಿ ಎಂದೂ ಬಂದದ್ದಲ್ಲ.

"ಅದು ಎಲ್ಲರಿಗೂ ಗೊತ್ತಿರೋ ವಿಷಯವೇ," ಎಂದರು ಭಾವ. "ನಮ್ಮ ಕಡೆ ಹತ್ತು ದಿನ ಬಿಡ್ತಾರೆ."

ಹೀಗೆ ಗುಮಾಸ್ತರಿಗೆ ವಾರದ ಬದಲು ಹತ್ತು ದಿನದ ಕಾಲಾವಕಾಶ ಭಾವನಿಂದಲೇ ಮಂಜೂರಾಯಿತು. ಅಷ್ಟರೊಳಗೆ ಮನಸ್ಸು ಗಟ್ಟಿಮಾಡಿ ಒಂದನ್ನು ಆರಿಸಿ ತಂದು ಒಳಗಿಟ್ಟರಾಯಿತು ಎಂದುಕೊಂಡರು.

ಮೂರನೆಯ ಸಂಜೆ ಬಾಗಿಲು ಬಡಿಯಿತು. ಕೆಳಗಿನ ಮನೆಯ ನರ್ಸಮ್ಮ. ಆಕೆಯದು ಆಸ್ಪತ್ರೆಯಲ್ಲಿ ರಾತ್ರಿ ಪಾಳಿ; ಹಗಲು ಮಲಗಿದರೇ ಉಂಟು, ಇಲ್ಲದಿದ್ದರೆ ಇಲ್ಲ. ಕಣ್ಣು ಕೆಂಡದುಂಡೆಯಾಗಿದ್ದವು. ಬೆನ್ನ ಹಿಂದೆ ಸೀಟಿಯೊಡನೆ ಮೇಷ್ಟ್ರು.

"ಸಾರ್, ಹಗಲು ಹೊತ್ತು ಆ ಮೆಷಿನ್ ಹಾಕಬೇಡಿ," ಎಂದಳು ಆಕೆ. "ಮಧ್ಯಾಹ್ನ ಊಟದ ಹೊತ್ತಿಗೆ ಶುರುವಾದ್ರೆ ಸಂಜೆವರೆಗೂ ಗುರ್ರ್, ಗುರ್ರ್. ನನ್ನ ಮಂಚ ನಡುಗುತ್ತೆ. ನಿನ್ನೆ ವಾರ್ಡಲ್ಲಿ ನಿಂತ್ಕೊಂಡೇ ನಿದ್ದೆ ಮಾಡಿದೀನಿ. ರೋಗಿಗಳೇ ನನ್ನ ಎಬ್ಬಿಸಿದ್ರು."

ಮಧ್ಯಾಹ್ನ ಗುಮಾಸ್ತರು ಕಚೇರಿಯಲ್ಲಿರುತ್ತಾರೆ, ಹೆಂಡತಿ ಶಾಲೆಯ ಆಫೀಸಿನಲ್ಲಿ ಟೈಪು ಮಾಡುತ್ತಿರುತ್ತಾಳೆ, ಮನೆಯಲ್ಲಿರುವವರು ಬೆಳಿಗ್ಗೆ ಹಲ್ಲಿನ ಡಾಕ್ಟರ ಬಳಿ ಹೋಗಿಬಂದು ಸುಸ್ತಾದ ಭಾವ ಒಬ್ಬರೇ. ಇವರು ಯಾರೂ ಗುರ್ರ್ ಎನ್ನುವಂಥದ್ದನ್ನು ಕೇಳಿರಲಿಲ್ಲ. ಗುಮಾಸ್ತರ ನಾಲಿಗೆಯ ತುದಿಗೆ ಮಾತು ಬಂದಿತ್ತು. ಅಮ್ಮಾ, ಆ ಪೆಟ್ಟಿಗೆಯಲ್ಲಿ ಏನೂ ಇಲ್ಲ, ಅದು ಖಾಲಿ. ಅಷ್ಟು ಹೇಳಿದ್ದರೆ ಕಥೆ ಅಲ್ಲಿಗೆ ಮುಗಿಯುತ್ತಿತ್ತು. ಆದರೆ ಪಕ್ಕದ ಸೋಫಾದಲ್ಲಿ ಭಾವ ಕೂತಿದ್ದರು. ಖಾಲಿ ಎಂದ ಮರುಗಳಿಗೆಯಲ್ಲೇ ಅವರು ಎದ್ದು ಚಪ್ಪಲಿ ಮೆಟ್ಟಿ ಅಂಗಡಿಗೆ ಹೊರಡುವುದು ಗ್ಯಾರಂಟಿ. ಗುಮಾಸ್ತರು ಮಾತು ನುಂಗಿ, ಅಭ್ಯಾಸಬಲದಿಂದ ನಕ್ಕು, "ಪರಿಶೀಲಿಸ್ತೀವಿ," ಎಂದರು.

ಆ ನಗು ನರ್ಸಮ್ಮನಿಗೆ ಉರಿಯ ಮೇಲೆ ಎಣ್ಣೆಯಾಯಿತು. ಅದಕ್ಕೆ ಸರಿಯಾಗಿ ಭಾವ, ಮನೆತನದ ಮರ್ಯಾದೆ ಕಾಯುವ ದನಿಯಲ್ಲಿ, "ಸೆಟ್ಟು ಇನ್ನೂ ಬಿಚ್ಚಿಯೇ ಇಲ್ಲವಮ್ಮ," ಎಂದು ಆರಂಭಿಸಿ, ಮುಂದೆ ಏನು ಹೇಳಬೇಕೆಂದು ತೋಚದೆ, ಒಳ್ಳೆಯ ಜಾತಿಯ ಸೆಟ್ಟುಗಳು ಪೆಟ್ಟಿಗೆಯೊಳಗಿದ್ದರೂ ಸ್ವಲ್ಪ ಸದ್ದು ಮಾಡುತ್ತವೆ, ಅದು ಅವುಗಳ ಶಕ್ತಿಯ ಗುರುತು ಎಂದು ವಿವರಿಸಿದರು. ಗುಮಾಸ್ತರು ಭಾವನ ಮುಖ ನೋಡಿದರು. ಬೇರೆಯವರ ಸುಳ್ಳನ್ನು ಹೀಗೆ ಎತ್ತಿ ಆಡಿಸಿ ಬೆಳೆಸಿಕೊಡುವ ಮನುಷ್ಯನನ್ನು ಅವರು ಕಂಡಿರಲಿಲ್ಲ.

ಬಿಚ್ಚದೆಯೇ ಇಷ್ಟು ಸದ್ದಾದರೆ ಬಿಚ್ಚಿದ ಮೇಲೆ ಹೇಗೆ ಎಂದು ಮೇಷ್ಟ್ರು ಅಂಗಳದಲ್ಲಿ ಸೀಟಿ ಊದಿ ಸಭೆ ಕರೆದರು. ಸಭೆಯಲ್ಲಿ ಎಲ್ಲರಿಗೂ ಒಂದೊಂದು ನೆನಪಾಯಿತು. ಮೇಲಿನ ಮನೆಯ ದರ್ಜಿಯ ಹೊಲಿಗೆ ಇತ್ತೀಚೆಗೆ ಸೊಟ್ಟ ಹೋಗುತ್ತಿತ್ತು. ಅವನಿಗೆ ಈಗ ಕಾರಣ ಸಿಕ್ಕಿತು. ಮೂಲೆಮನೆಯ ಟೀಚರ ಬಳಿ ಮನೆಪಾಠಕ್ಕೆ ಬರುವ ಮಕ್ಕಳು ಲೆಕ್ಕದಲ್ಲಿ ಫೇಲಾದದ್ದೂ ಅದರಿಂದಲೇ. ತಳಮಹಡಿಯ ಕ್ಷೌರಿಕ, ಗಿರಾಕಿಯೊಬ್ಬರ ಕಿವಿಯ ಹತ್ತಿರ ಕತ್ತರಿ ಜಾರಿದ್ದನ್ನು ಇಷ್ಟು ದಿನ ತನ್ನ ತಪ್ಪೆಂದು ಒಪ್ಪಿಕೊಂಡಿದ್ದವನು, ಅದನ್ನು ಹಿಂತೆಗೆದುಕೊಂಡ. ಆ ಖಾಲಿ ಪೆಟ್ಟಿಗೆ ಅಷ್ಟು ಹೊತ್ತಿಗೆ ಕಟ್ಟಡದಲ್ಲಿ ಮಾಡದೆ ಉಳಿಸಿದ ಪಾಪವೇ ಇರಲಿಲ್ಲ.

ಮೆಟ್ಟಿಲ ಮೇಲೆ ಹೆಂಗಸರು ಹೆಂಡತಿಯೊಡನೆ ಮಾತು ಬಿಟ್ಟರು. ಅವಳು ಗಂಡನೊಡನೆ ಮಾತು ಬಿಡದೆ, ಅದನ್ನು ದುಪ್ಪಟ್ಟು ಮಾಡಿದಳು. "ವಾಪಸ್ ಕೊಟ್ಟು ಬನ್ನಿ. ಇವತ್ತೇ. ಒಂದು ವಸ್ತು ತರೋಕೆ ಹೋಗಿ ಊರಿನ ವೈರ ಕಟ್ಟಿಕೊಂಡ್ರಲ್ಲ. ಅಣ್ಣ ಆರಿಸಿದ್ದಿದ್ರೆ ಹೀಗಾಗ್ತಿತ್ತಾ?"

ಕೊಳ್ಳದ್ದನ್ನು ಹಿಂದಿರುಗಿಸುವುದು ಹೇಗೆಂದು ಗುಮಾಸ್ತರು ಯೋಚಿಸಿದರು. ಆಮೇಲೆ ಕೊನೆಯ ವಾಕ್ಯ ಮೈಗೆ ಹತ್ತಿ, ಯೋಚನೆ ಬಿಟ್ಟು, ಪೆಟ್ಟಿಗೆ ಅಲ್ಲೇ ಇರಲಿ ಎಂದು ಹಟ ಹಿಡಿದರು. ಕಚೇರಿಯಲ್ಲಿ ಅಂದು ಒಬ್ಬ ಮುದುಕರು ಮಾಮೂಲಿನಂತೆ ಬೈಯಲು ಬಂದವರು ಕಿಟಕಿಯೊಳಗಿನ ಮುಖ ನೋಡಿ, ನಾಳೆ ಬರುತ್ತೇನೆಂದು ಹೊರಟುಹೋದರು.

ಸಂಘದ ದೂರು ನಗರಸಭೆಗೆ ಹೋಯಿತು. ಸದ್ದು ಅಳೆಯುವ ಇನ್ಸ್‌ಪೆಕ್ಟರು ಒಂದು ಮಧ್ಯಾಹ್ನ, ಊಟವಾದ ಮೇಲೆ ಬರುವುದಾಗಿ ತಿಳಿಸಿದರು. ಗುಮಾಸ್ತರು, ಹೆಂಡತಿ ಇಬ್ಬರೂ ಅರ್ಧ ದಿನ ರಜೆ ಹಾಕಿದರು. ಭಾವ ಊಟ ಮುಗಿಸಿ, ಇನ್ಸ್‌ಪೆಕ್ಟರನ್ನು ತಾನೊಬ್ಬನೇ ವಿಚಾರಿಸಿಕೊಳ್ಳುವುದಾಗಿಯೂ ಬಂದ ಕೂಡಲೇ ಎಬ್ಬಿಸಬೇಕೆಂದೂ ಹೇಳಿ ಸೋಫಾದ ಮೇಲೆ ಒರಗಿದರು.

ಬಂದ ಇನ್ಸ್‌ಪೆಕ್ಟರಿಗೆ ದಪ್ಪ ಮೀಸೆ. ಆ ಮೀಸೆಯನ್ನು ಗುಮಾಸ್ತರು ಕಿಟಕಿಯ ತೂತಿನಲ್ಲಿ ಎಷ್ಟೋ ಸಲ ಕಂಡಿದ್ದರು. ಮೀಸೆಯೂ ಇವರನ್ನು ಗುರುತು ಹಿಡಿಯಿತು.

"ನಮ್ಮನೆ ನಲ್ಲಿ ಇನ್ನೂ ಪರಿಶೀಲನೆಯಲ್ಲೇ ಇದೆ," ಎಂದರು ಇನ್ಸ್‌ಪೆಕ್ಟರು, ಬೇರೇನೂ ಹೇಳದೆ ಚೀಲದಿಂದ ಅಳೆಯುವ ಯಂತ್ರ ತೆಗೆಯುತ್ತ. ಹಿಂದಿನಿಂದ ಮೇಷ್ಟ್ರು, ನರ್ಸಮ್ಮ, ದರ್ಜಿ, ಟೀಚರು, ಒಂದು ಕೈಯಲ್ಲಿ ಬಾಚಣಿಗೆಯೊಡನೆ ಕ್ಷೌರಿಕ, ಹಜಾರದ ತುಂಬ ಜನ. ಎಲ್ಲರ ಕಣ್ಣೂ ಪೆಟ್ಟಿಗೆಯ ಮೇಲೆ.

ಇನ್ಸ್‌ಪೆಕ್ಟರು ಯಂತ್ರವನ್ನು ಪೆಟ್ಟಿಗೆಯ ಕಡೆ ಹಿಡಿದರು. ಆಗ ಎಲ್ಲಿಂದಲೋ ನೆಲದ ಆಳದಿಂದೆಂಬಂತೆ ಮೊದಲಾಯಿತು. ಗುರ್ರ್. ತಡೆದು, ಮತ್ತೆ ಗುರ್ರ್. ಯಂತ್ರದ ಮುಳ್ಳು ಎದ್ದು ಕೂತಿತು.

"ಇದೇ," ಎಂದಳು ನರ್ಸಮ್ಮ. "ಇದೇ ಸಾರ್ ಆ ಸದ್ದು. ಈಗಲಾದ್ರೂ ಕೇಳಿಸ್ತಾ ನಿಮಗೆ?"

ಬಿಚ್ಚಿ ಎಂದರು ಇನ್ಸ್‌ಪೆಕ್ಟರು. ಗುಮಾಸ್ತರು ಹೆಂಡತಿಯ ಮುಖ ನೋಡಿದರು. ಮೇಷ್ಟ್ರ ಸೀಟಿ ನೋಡಿದರು. ಬಾಗಿಲ ಕಡೆ ನೋಡಿದರೆ ಅಲ್ಲಿ ಬಾಚಣಿಗೆ ಅಡ್ಡ ನಿಂತಿತ್ತು. ಬೇರೆ ದಾರಿಯಿಲ್ಲದೆ ಪೆಟ್ಟಿಗೆಯ ಮುಚ್ಚಳ ತೆಗೆದು, ಥರ್ಮೋಕೋಲಿನ ಎರಡು ತುಂಡುಗಳನ್ನು ಎತ್ತಿ, ಪೆಟ್ಟಿಗೆಯನ್ನು ಬೋರಲು ಹಾಕಿ ತೋರಿಸಿದರು. ಒಂದಿಷ್ಟು ಬಿಳಿಯ ಪುಡಿ ಉದುರಿತು.

"ಇದರಲ್ಲಿ ಏನೂ ಇಲ್ಲ," ಎಂದರು. "ಮೊದಲಿಂದಲೂ ಇರಲಿಲ್ಲ. ಅಳತೆಗೆ ಅಂತ ತಂದಿದ್ದು."

ಸದ್ದು ಮಾತ್ರ ನಿಲ್ಲಲಿಲ್ಲ. ಗುರ್ರ್. ಒಂದೊಂದಾಗಿ ತಲೆಗಳು ಸೋಫಾದ ಕಡೆ ತಿರುಗಿದವು. ಭಾವ ಅಂಗಾತ ಮಲಗಿದ್ದರು. ಹೊಸದಾಗಿ ಕಟ್ಟಿಸಿದ ಹಲ್ಲು ಒಂದಕ್ಕೊಂದು ತಾಗದಿರಲೆಂದೋ ಏನೋ ಬಾಯಿ ಇಷ್ಟಗಲ ತೆರೆದಿತ್ತು. ರಾತ್ರಿ ಒಳಕೋಣೆಯ ಹಾಸಿಗೆಯಲ್ಲಿ ಅವರ ಗೊರಕೆ ಬರೀ ಗೊರಕೆ, ಗೋಡೆ ದಾಟುತ್ತಿರಲಿಲ್ಲ. ಆದರೆ ಕಾಲಿಲ್ಲದ ಆ ಟೊಳ್ಳು ಸೋಫಾ ಅದನ್ನು ಒಳಗೆ ತೆಗೆದುಕೊಂಡು, ಬಲ ತುಂಬಿ, ನೇರವಾಗಿ ನರ್ಸಮ್ಮನ ಮಂಚಕ್ಕೆ ಕಳಿಸುತ್ತಿತ್ತು. ಮನೆಯಲ್ಲಿ ಒಂದು ರಿಸೀವರ್ ಮೊದಲಿನಿಂದಲೂ ಇತ್ತು. ಅದನ್ನೂ ಭಾವನೇ ಆರಿಸಿದ್ದರು.

ಇಷ್ಟಕ್ಕೆ ಎಲ್ಲರೂ ನಕ್ಕು ಮನೆಗೆ ಹೋಗಬಹುದಿತ್ತು. ನರ್ಸಮ್ಮ ನಗುವ ಸ್ಥಿತಿಯಲ್ಲಿರಲಿಲ್ಲ. ಹೋಗಿ ಸೋಫಾಕ್ಕೆ ಒಂದು ಒದೆ ಕೊಟ್ಟಳು. ಭಾವ ದಡಬಡಿಸಿ ಎದ್ದು, ಜನರನ್ನು ನೋಡಿ, ಬೋರಲು ಬಿದ್ದ ಪೆಟ್ಟಿಗೆ ನೋಡಿ, ಅರೆಕ್ಷಣದಲ್ಲಿ ಸಮಸ್ತವನ್ನೂ ಅರ್ಥಮಾಡಿಕೊಂಡರು.

"ಖಾಲಿ ಪೆಟ್ಟಿಗೆ ಕೊಟ್ಟು ಕಳಿಸಿದಾನಾ ಅಂಗಡಿಯವನು? ಅದಕ್ಕೇ ಹೇಳಿದ್ದು ಅಳಿಯಂದ್ರೇ, ನಿಮಗೆ ಇವೆಲ್ಲ ಆಗೋದಲ್ಲ ಅಂತ. ಬಿಡಿ, ಅಳಬೇಡಿ. ನಡೀರಿ, ನಾನು ಬಂದು ಆರಿಸ್ತೀನಿ."

ಗುಮಾಸ್ತರು ಅಳುತ್ತಿರಲಿಲ್ಲ. ಅವರ ಒಳಗೆ ಕಿಟಕಿಯ ಹಿಂದಿನ ಅಷ್ಟೂ ವರ್ಷಗಳು, ಒಡೆದ ಪೈಪುಗಳು, ಉಬ್ಬಿದ ಬಿಲ್ಲುಗಳು, ನುಂಗಿದ ಅಷ್ಟೂ ಮಾತುಗಳು ಒಟ್ಟಿಗೆ ಎದ್ದು ನಿಂತವು.

"ನಾನು ಆರಿಸ್ತೀನಿ," ಎಂದರು.

ಎಂದರು ಎಂದರೆ ಸಾಲದು. ಕಿಟಕಿಯ ಗಾಜು ಝಣ್ಣೆಂದಿತು. ಸ್ಪೀಕರಿನ ಮೇಲಿನ ಹೂಕುಂಡವೊಂದರಿಂದ ಎಲೆ ಉದುರಿತು. ಮೇಷ್ಟ್ರು ಅರಿವಿಲ್ಲದೆ ಅಟೆನ್ಶನ್ನಿಗೆ ಬಂದರು. ಗುಮಾಸ್ತರು ನಿಲ್ಲಿಸಲಿಲ್ಲ. ಕನ್ನಡಕ ಕಿತ್ತು ಕೈಯಲ್ಲಿ ಹಿಡಿದು, ಈ ಚೌಕಟ್ಟು ಮೂಗನ್ನು ಕಚ್ಚುತ್ತದೆ, ಪರದೆ ನೋಡಿದರೆ ತಲೆ ಸುತ್ತುತ್ತದೆ, ಸೋಫಾದಲ್ಲಿ ಕೂತರೆ ಮೊಣಕಾಲು ಗದ್ದಕ್ಕೆ ಬಡಿಯುತ್ತದೆ, ಎಂದು ಒಂದೊಂದನ್ನೇ ಎತ್ತಿ ಹೇಳಿ, ಕೊನೆಗೆ ಇನ್ಸ್‌ಪೆಕ್ಟರ ಕಡೆ ತಿರುಗಿ, ನಿಮ್ಮ ನಲ್ಲಿಯನ್ನು ಯಾರೂ ಪರಿಶೀಲಿಸುತ್ತಿಲ್ಲ, ಎಂದೂ ಪರಿಶೀಲಿಸಿರಲಿಲ್ಲ ಎಂಬ ಸರ್ಕಾರಿ ರಹಸ್ಯವನ್ನೂ ಹೊರಗೆಡವಿದರು.

ಇನ್ಸ್‌ಪೆಕ್ಟರು ಯಂತ್ರವನ್ನು ಇನ್ನೂ ಹಿಡಿದೇ ಇದ್ದರು. ಮುಳ್ಳು ಕೆಂಪು ಗೆರೆ ದಾಟಿ ಆ ಕಡೆಯ ಗೋಡೆಗೆ ಒತ್ತಿಕೊಂಡಿತ್ತು. ಗೊರಕೆ ನಿದ್ದೆಯಲ್ಲಿ ಆದದ್ದು, ಕಾಯಿದೆಯೊಳಗೆ ಬರುವುದಿಲ್ಲ, ಎಚ್ಚರದಲ್ಲಿ ಕೂಗಿದ್ದು ಬರುತ್ತದೆ ಎಂದು ಅವರು ಸಮಾಧಾನದಿಂದ ವಿವರಿಸಿ, ಗುಮಾಸ್ತರಿಗೆ ದಂಡದ ಚೀಟಿ ಹರಿದುಕೊಟ್ಟರು. ಸದ್ದಿನ ಮೂಲ ಎಂಬಲ್ಲಿ "ಮನೆಯ ಯಜಮಾನರು" ಎಂದು ಬರೆದಿತ್ತು. ಈ ಮನೆಯಲ್ಲಿ ಗುಮಾಸ್ತರನ್ನು ಯಜಮಾನರೆಂದು ಬರವಣಿಗೆಯಲ್ಲಿ ಒಪ್ಪಿಕೊಂಡದ್ದು ಅದೇ ಮೊದಲು.

ಅದೇ ಸಿಟ್ಟಿನಲ್ಲಿ ಗುಮಾಸ್ತರು ಪೆಟ್ಟಿಗೆ ಹೊತ್ತು ಅಂಗಡಿಗೆ ನಡೆದರು. ಈ ಸಲ ಕಿರುಬೆರಳಲ್ಲೇ ಎತ್ತಿಕೊಂಡು. ಮಾರಾಟದವನು ಗೋದಾಮಿಗೆ ಓಡುವುದಕ್ಕೆ ಮೊದಲೇ ಅಡ್ಡಗಟ್ಟಿ, "ಚಿಕ್ಕದು ಕೊಡಿ," ಎಂದರು. ಅವನು ದೊಡ್ಡದರ ವಿಷಯ ಎತ್ತಿದ. ನನಗಿರೋದು ಎರಡು ಕಿವಿ, ಎರಡು ಸ್ಪೀಕರು, ಕಟ್ಟಿ ಎಂದರು. ತಿಂಗಳುಗಟ್ಟಲೆ ಯೋಚಿಸಿ ಆಗದ ಕೆಲಸವನ್ನು ಸಿಟ್ಟು ನಿಂತ ನಿಲುವಿನಲ್ಲೇ ಮುಗಿಸಿತು.

ಭಾವ ಮುಖ ಊದಿಸಿಕೊಂಡು, ಹಲ್ಲು ಅರ್ಧ ಕಟ್ಟಿಸಿ ಊರಿಗೆ ಹೊರಟರು. ಹೂಕುಂಡಗಳು ಕಿಟಕಿಗೆ ಹೋದವು. ಚಿಕ್ಕ ರಿಸೀವರ್ ಗೂಡಿನಲ್ಲಿ, ಮೇಲೆ ಗಾಳಿಯಾಡಲು ಜಾಗ ಬಿಟ್ಟು, ಲಕ್ಷಣವಾಗಿ ಕೂತಿತು. ಸಂಜೆ ಕೊಳಲು ಹಾಕಿ, ಕುರ್ಚಿ ಎಳೆದು, ಗುಮಾಸ್ತರು ಕಣ್ಣು ಮುಚ್ಚಿದರು. ಅವರು ಅಂದುಕೊಂಡದ್ದಕ್ಕಿಂತ ಚೆನ್ನಾಗಿತ್ತು. ನಾಲ್ಕಾರು ದಿನ ಜಗತ್ತಿನ ಮೇಲೆ ಅವರಿಗೆ ಯಾವ ದೂರೂ ಇರಲಿಲ್ಲ.

ಆಮೇಲೆ ಒಂದು ಸಂಜೆ ಮೆಟ್ಟಿಲ ಮೇಲೆ ಮೇಷ್ಟ್ರು ಸಿಕ್ಕಿದರು. ಬೆನ್ನು ತಟ್ಟಿದರು.

"ಒಳ್ಳೆ ಸೆಟ್ಟು ಬಂದಿದೆಯಂತೆ. ಹೊರಗೆ ಒಂದು ಚೂರೂ ಕೇಳಿಸಲ್ಲ. ನರ್ಸಮ್ಮನೂ ಹೊಗಳ್ತಿದ್ರು. ನಿಮ್ಮ ಭಾವನವರು ಆರಿಸಿದ್ದಂತಲ್ಲ?"

ಯಾರು ಹೇಳಿದರೆಂದು ಗುಮಾಸ್ತರು ತಣ್ಣಗೆ ಕೇಳಿದರು. ಭಾವನೇ ಫೋನು ಮಾಡಿದ್ದರಂತೆ. ತಾನು ಬಂದು ಎಚ್ಚರಿಸದಿದ್ದರೆ ಅಳಿಯಂದಿರು ದೊಡ್ಡದನ್ನು ತಂದು ಕಟ್ಟಡ ಕೆಡವುತ್ತಿದ್ದರು, ಚಿಕ್ಕದಕ್ಕೆ ಮನಸ್ಸು ತಿರುಗಿಸಿದ್ದು ತಾನು ಎಂದು ಎಲ್ಲರಿಗೂ ತಿಳಿಸಿಬಿಟ್ಟಿದ್ದರಂತೆ. ಮೇಲೆ ಸಿಕ್ಕಿದ ದರ್ಜಿ, ಹೊಲಿಗೆ ಈಗ ನೇರವಾಗಿದೆ ಎಂದು ಭಾವನಿಗೆ ನಮಸ್ಕಾರ ತಿಳಿಸಲು ಹೇಳಿದ.

ಗುಮಾಸ್ತರು ಮನೆಯೊಳಗೆ ಹೋದರು. ಕಿಟಕಿಯಿಂದ ಬಗ್ಗಿ, ನರ್ಸಮ್ಮ ಕೈಚೀಲ ಹಿಡಿದು ಡ್ಯೂಟಿಗೆ ಹೊರಟು ಬೀದಿಯ ತಿರುವು ದಾಟುವವರೆಗೂ ಕಾದರು. ಆಕೆಯ ಮೇಲೆ ಅವರಿಗೆ ದ್ವೇಷವಿರಲಿಲ್ಲ. ಆಮೇಲೆ ರಿಸೀವರಿನ ಬಲಗಡೆಯ ಗುಂಡಿ ಹಿಡಿದು ಕೊನೆಯವರೆಗೂ ತಿರುಗಿಸಿದರು. ಚಿಕ್ಕದಾದರೂ ಅದು ಅವರನ್ನು ಕೈಬಿಡಲಿಲ್ಲ. ಕೊಳಲು ಗೋಡೆ ಹಾರಿ, ಮೆಟ್ಟಿಲಿಳಿದು, ಅಂಗಳದಲ್ಲಿ ನಿಂತು ಕೂಗಿತು. ಹೆಂಡತಿ ಕಿವಿ ಮುಚ್ಚಿಕೊಂಡು ಬಂದು ಏನೋ ಕೇಳಿದಳು, ಕೇಳಿಸಲಿಲ್ಲ. ಗುಮಾಸ್ತರು ಬಾಗಿಲ ಬಳಿ ಕುರ್ಚಿ ಹಾಕಿಕೊಂಡು ಕೂತರು.

ಕೆಳಗಿನಿಂದ ಸೀಟಿ ಮೊಳಗಿತು. ಇಷ್ಟು ಇಂಪಾದ ಸೀಟಿಯನ್ನು ಅವರು ಎಂದೂ ಕೇಳಿರಲಿಲ್ಲ. ಮೇಷ್ಟ್ರು ಏದುಸಿರು ಬಿಡುತ್ತ ಹತ್ತಿ ಬಂದು, ಏನು ಸ್ವಾಮಿ ಇದು, ಈಗಿಂದೀಗ ನೋಟಿಸು ಕೊಡಬೇಕಾಗುತ್ತದೆ ಎಂದು ಗುಡುಗಿದರು.

"ಕೊಡಿ," ಎಂದರು ಗುಮಾಸ್ತರು, ತಾವೇ ಪೆನ್ನು ಮುಂದೆ ಚಾಚಿ. "ಬರೆದೇ ಕೊಡಿ. ಮೆಷಿನ್ ಆರಿಸಿದ್ದು ಯಾರು ಅನ್ನೋದನ್ನ ಮೊದಲ್ನೇ ಸಾಲಲ್ಲೇ ಹಾಕಿ. ಒಂದು ಪ್ರತಿ ನಮ್ಮ ಭಾವನ ವಿಳಾಸಕ್ಕೆ."